ತಾವರೆ ನೀರು ಮತ್ತು ನನ್ನ ಷಡ್ಡಕ

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಷಡ್ಡಕ ಶರಣಪ್ಪನೊಬ್ಬನನ್ನು ಬಿಟ್ಟರೆ ಈ ಲೋಕದ ಸಕಲ ಜೀವಿಗಳ ಏಳಿಗೆಯನ್ನೂ ತುಂಬು ಮನಸ್ಸಿನಿಂದ ಬಯಸುತ್ತೇನೆ.

ಶರಣಪ್ಪ ನನ್ನ ಹೆಂಡತಿ ಮಾದೇವಿಯ ಅಕ್ಕನ ಗಂಡ. ಯಾದಗಿರಿಯಲ್ಲಿ ಮಾಸ್ತರು. ನಾನು ಶಹಾಪುರದ ಒಂದು ಅಂಗಡಿಯಲ್ಲಿ ಗೊಬ್ಬರ ಮತ್ತು ಹತ್ತಿಗೆ ಹೊಡೆಯುವ ಕೀಟನಾಶಕ ಮಾರುವವನು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅಂತಾರೆ. ಹೆಸರು ಸೌಮ್ಯ, ವಾಸನೆ ಅಲ್ಲ.

ಒಂದು ರವಿವಾರ ಶರಣಪ್ಪ ಬಂದು, ಚಹಾ ಕುಡಿದು ಹೋದ. ಮಾದೇವಿ ಬಾಗಿಲಲ್ಲೇ ನಿಂತು ಉದ್ದಕ್ಕೆ ಉಸಿರೆಳೆದಳು.

"ಭಾವಾರು ಬಂದು ಹೋದ್ರ ಮನಿಯೆಲ್ಲ ಘಮ್ ಅಂತದ ನೋಡ್ರಿ."

"ನಾ ಬಂದ್ರ?"

"ನೀವು ಬರೋದು ಓಣಿ ತುದಿಗಿದ್ದಾಗಲೇ ಗೊತ್ತಾಗ್ತದ, ಬಿಡ್ರಿ."

ಅವತ್ತು ಊಟ ಸೇರಲಿಲ್ಲ. ಎರಡೇ ರೊಟ್ಟಿ ತಿಂದೆ. ಶರಣಪ್ಪನ ಪಗಾರ ನನಗಿಂತ ಹೆಚ್ಚು, ತಲೆಗೂದಲೂ ಹೆಚ್ಚು, ಇದನ್ನೆಲ್ಲ ಸಹಿಸಿದ್ದೆ. ಈಗ ವಾಸನೆಯಲ್ಲೂ ಮುಂದೆಯೇ?

ಮೊಬೈಲಿನಲ್ಲಿ ಹುಡುಕಿದೆ. ದೊಡ್ಡ ಕಂಪನಿಯವಲ್ಲದ, ಯಾರೋ ಒಬ್ಬೊಬ್ಬರೇ ತಮ್ಮ ಮನೆಯಲ್ಲಿ ಕೂತು ಕೈಯಾರೆ ಬೆರೆಸುವ ಸುಗಂಧಗಳು ಸಿಕ್ಕವು. ನೀರಿನಂತೆ ತಿಳಿ, ಹೂವಿನಂತೆ ಮೃದು ಎಂದು ಬರೆದಿದ್ದರು. ನಾಲ್ಕು ಜನರಿಂದ ನಾಲ್ಕು ಪುಟ್ಟ ಸೀಸೆ ತರಿಸಿದೆ. ಒಂದರ ಚೀಟಿಯಲ್ಲಿ ಹೀಗಿತ್ತು: "ನಸುಕಿನ ಕೆರೆ, ಈಗಷ್ಟೇ ಅರಳಿದ ತಾವರೆ, ಇಬ್ಬನಿ, ಜೊತೆಗೆ ಸ್ವಲ್ಪ ಮೌನ." ನಾನು ಎರಡು ಮಕ್ಕಳಾದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು. ಅಚ್ಚಾದದ್ದೆಲ್ಲ ನಿಜ ಎಂದು ನಂಬುತ್ತೇನೆ. ಮೌನಕ್ಕೂ ವಾಸನೆ ಇದೆಯೆಂದು ಅವತ್ತು ನಂಬಿದೆ.

ಹಚ್ಚಿಕೊಂಡೆ. ಏನೂ ಬರಲಿಲ್ಲ! ಇನ್ನಷ್ಟು ಹಚ್ಚಿಕೊಂಡೆ. ಬರೀ ನೀರು! ಇಷ್ಟು ವರ್ಷ ಎಣ್ಣಿಯ ಡಬ್ಬಿಗಳ ನಡುವೆ ಕೂತ ಮೂಗು ಯಾವಾಗಲೋ ನಿವೃತ್ತಿ ತಗೊಂಡಿತ್ತು, ನನಗೆ ತಿಳಿಸಿರಲಿಲ್ಲ, ಅಷ್ಟೆ. ಮಾದೇವಿಯ ಮೂಗನ್ನೇ ಕಡ ಕೇಳಬೇಕಾಯಿತು. ಎರಡೂ ಮುಂಗೈ, ಎರಡೂ ಮೊಳಕೈಗೆ ಒಂದೊಂದು ಹಚ್ಚಿಕೊಂಡು, ಸಂತೆಯಲ್ಲಿ ಹೋರಿ ನಿಂತಂತೆ ಅವಳ ಮುಂದೆ ನಿಂತೆ.

ಮೊದಲನೇದು ಮೂಸಿದಳು. "ಸೌತಿಕಾಯಿ ಸಿಪ್ಪಿ."

ಎರಡನೇದು. "ಹೂವಿನ ತಂಬಿಗಿ ನೀರು. ನಿನ್ನೀದು."

ಮೂರನೇದು. "ಸಾಬಾಣ ಸರಿಯಾಗಿ ತೊಳ್ಕೊಂಡಿಲ್ಲೇನ್ರಿ?"

ನಾಲ್ಕನೇದು ತಾವರೆಯದು. ಒಮ್ಮೆ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ನಾನು ಮೊಳಕೈಯನ್ನು ಇನ್ನಷ್ಟು ಮುಂದೆ ಚಾಚಿದೆ.

"ಇದು ಬೇಷ್ ಅದ ನೋಡ್ರಿ. ಭಾವಾರ ವಾಸನಿಗೆ ಹತ್ತತ್ರ ಬಂತು."

ಹತ್ತತ್ರ! ಆ ಸಿಟ್ಟಿಗೆ ತಾವರೆಯದೇ ದೊಡ್ಡ ಬಾಟಲಿ ತರಿಸಿಬಿಟ್ಟೆ. ರಂಗಂಪೇಟೆಯ ಮಾವನ ಮನೆಯಲ್ಲಿ ಅಳಿಯನ ಹೆಂಡತಿಗೆ, ಅಲ್ಲಲ್ಲ, ನೋಡಿ, ಸಿಟ್ಟಿನಲ್ಲಿ ಸಂಬಂಧಗಳೇ ತಪ್ಪುತ್ತಿವೆ, ಮಾದೇವಿಯ ತಮ್ಮನ ಹೆಂಡತಿಗೆ ಕುಬಸ, ಅಂದರೆ ಸೀಮಂತ, ಇತ್ತು. ಬೀಗರು ಬಿಜ್ಜರೆಲ್ಲ ಸೇರುವ ಆ ಸಭೆಯಲ್ಲಿ ಶರಣಪ್ಪನನ್ನು ಮೂಗಿನ ಮೂಲಕ ಸೋಲಿಸುವುದೆಂದು ತೀರ್ಮಾನಿಸಿದೆ.

ಮಾದೇವಿ ಹಿಂದಿನ ದಿನವೇ ಹೋಗಿದ್ದಳು. ಮಾಲಕರು ಮಧ್ಯಾಹ್ನದವರೆಗೆ ಬಿಡಲಿಲ್ಲ. ಅಂಗಡಿಯ ಅಂಗಿಯಲ್ಲೇ ಬೈಕು ಹತ್ತಿದೆ. ಅಲ್ಲಿ ಮುಖ ತೊಳೆದು, ಹೊಸ ಅಂಗಿ ತೊಟ್ಟು, ಬಾಟಲಿ ಸುರುವಿಕೊಂಡು ಒಳಗೆ ಕಾಲಿಡುವುದು ಯೋಜನೆ. ಬಾಗಿಲ ಪಕ್ಕದ ಗೋಡೆಯ ಮಾಡದಲ್ಲಿ ಬಾಟಲಿ ಇಟ್ಟು ಬಚ್ಚಲಿಗೆ ಹೋದೆ. ಅದೇ ಮಾಡದಲ್ಲಿ ಪನ್ನೀರು ಚಿಮುಕಿಸುವ ಬೆಳ್ಳಿ ಗುಲಾಬದಾನಿ ಖಾಲಿ ನಿಂತಿತ್ತು. ನನಗೆ ಅದು ಕಂಡಿತ್ತು. ಬುದ್ಧಿಗೆ ಕಾಣಲಿಲ್ಲ.

ಮುಖ ಒರೆಸಿಕೊಳ್ಳುತ್ತ ಬಂದರೆ ಅತ್ತೆ ಬಾಗಿಲಲ್ಲಿ ನಿಂತು ಗುಲಾಬದಾನಿ ಝಾಡಿಸುತ್ತಿದ್ದಾರೆ. ಮಾಡದಲ್ಲಿ ನನ್ನ ಬಾಟಲಿ ಬರಿದು!

"ಪನ್ನೀರು ತರೋದು ಎಲ್ಲಾರೂ ಮರ್ತಿದ್ರು ನೋಡ್ರವಾ! ನಮ್ ಸಣ್ಣಳಿಯಾರು ನೆನಪಿಟ್ಟು ತಂದಾರ!"

ಇಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಅದು ಪನ್ನೀರಲ್ಲ ಎಂದು ಹೇಳಲು ಬಾಯಿ ತೆರೆದೆ. "ಹೌದ್ರಿ" ಅಂದಿತು ಬಾಯಿ.

ಬಂದವರ ಮೇಲೆಲ್ಲ ನನ್ನ ತಾವರೆ ಮಳೆಗರೆಯಿತು. ಹೂವಾಡಗಿತ್ತಿ ಮೇಲೆ, ಅಡುಗೆಯವನ ಮೇಲೆ, ಯಾರದೋ ಕಂಕುಳ ಕೂಸಿನ ಮೇಲೆ. ದೊಡ್ಡಳಿಯನೆಂಬ ಮರ್ಯಾದೆಗೆ ಶರಣಪ್ಪನ ಮೇಲೆ ಮೂರು ಸಲ!

ಮಾದೇವಿ ಅವನ ಪಕ್ಕದಲ್ಲಿ ಹಾದು ಹೋಗುವಾಗ ನಿಂತೇಬಿಟ್ಟಳು. "ಅಬ್ಬಾ, ಭಾವಾರ! ಇವತ್ತಂತೂ ಕೆರಿ ದಂಡಿಗೆ ನಿಂತಂಗ ಆಗಾಕತ್ತದ್ರಿ!"

ನಾನು ಓಡಿಹೋಗಿ ಅತ್ತೆಯ ಮುಂದೆ ತಲೆ ಬಗ್ಗಿಸಿದೆ. ಅವರು ಗುಲಾಬದಾನಿ ತಲೆಕೆಳಗು ಮಾಡಿ ಅಲ್ಲಾಡಿಸಿದರು. "ತೀರಿ ಹೋತ್ರಿ, ಅಳಿಯಾರ. ನೀವೇನು ಮನಿಯವ್ರೇ ಅಲ್ಲೇನು."

ಇಡೀ ಮನೆ ತಾವರೆಕೆರೆ. ನಡುವೆ ಅಂಗಡಿಯ ಅಂಗಿಯಲ್ಲೇ ಉಳಿದ ಎಣ್ಣಿಯ ಡಬ್ಬಿ ಒಂದೇ. ಅದು ನಾನು!

ಪಂಕ್ತಿಯಲ್ಲಿ ಶರಣಪ್ಪನ ಪಕ್ಕದಲ್ಲೇ ಎಲೆ ಹಾಕಿದರು. ಅವನು ಸೀನುತ್ತಿದ್ದ. ಹೋಳಿಗೆಗೊಂದು ಸೀನು, ತುಪ್ಪಕ್ಕೊಂದು ಸೀನು. ತಡೆಯಲಾಗದೆ ಕೇಳಿದೆ.

"ಅಣ್ಣಾರ, ನೀವು ದಿನಾ ಯಾವ ಸೆಂಟ್ ಹಾಕ್ತೀರಿ?"

"ಸೆಂಟಾ? ನನಗ ಆಗಿ ಬರಂಗಿಲ್ಲೋ ಮಾರಾಯ. ನೋಡವಲ್ಲೇನು, ಈ ಹಾಳ ಪನ್ನೀರು ಯಾವಾ ತಂದಾನೋ, ಮೂಗು ಹರದು ಹೊಂಟದ."

"ಮತ್ತ ಆ ಘಮಘಮ?"

ಅವನು ನಾಚಿದ. ಮಾಸ್ತರು ನಾಚಿದ್ದು ನಾನು ನೋಡಿದ್ದು ಅದೇ ಮೊದಲು. "ದಿನಾ ಸಾಲಿ ಬಿಟ್ಟ ಮ್ಯಾಲ ನಿಮ್ಮಕ್ಕಗ ಒಂದ್ ಮೊಳ ಮಲ್ಲಿಗಿ ಒಯ್ತೀನೋ. ಅಂಗಿ ಕಿಸೇದಾಗ ಇಟ್ಕೊಂಡು. ಎಲ್ಲಾ ಅಂಗಿಗೂ ಅದೇ ವಾಸನಿ ಹತ್ತೇದ."

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದೆ. ನಾನು ಮಾದೇವಿಗೆ ಕೊನೆಯ ಸಲ ಹೂ ತಂದಿದ್ದು ಯಾವಾಗ? ನೆನಪಿಸಿಕೊಂಡೆ. ನಮ್ಮ ಮದುವೆಯಲ್ಲಿ. ಅದನ್ನೂ ಮಾವನೇ ತರಿಸಿದ್ದರು.

ಮರುದಿನ ಅಂಗಡಿಗೆ ಹೋಗುವ ದಾರಿಯಲ್ಲೇ ಎರಡು ಮೊಳ ಮಲ್ಲಿಗೆ ಕೊಂಡೆ. ಶರಣಪ್ಪನದು ಒಂದೇ ಮೊಳ! ಬೆಳಗಿನಿಂದ ಸಂಜೆಯವರೆಗೆ ಅಂಗಿ ಕಿಸೆಯಲ್ಲಿಟ್ಟುಕೊಂಡು, ಎಣ್ಣಿಯ ಡಬ್ಬಿ ಎತ್ತಿ, ಇಳಿಸಿ, ಮಾರಿ, ಮನೆಗೆ ಬಂದು ಅವಳ ಕೈಗಿಟ್ಟೆ.

ಮಾದೇವಿಯ ಕಣ್ಣು ಒದ್ದೆಯಾದವು. ಹೂವನ್ನು ಮೂಗಿಗೆ ಹಿಡಿದಳು. ಕಣ್ಣು ಇನ್ನಷ್ಟು ಒದ್ದೆಯಾದವು.

"ಏನ್ರೀ, ಈ ಮಲ್ಲಿಗಿಗಿ ಹುಳ ಬಿದ್ದಿದ್ವೇನು? ಎಣ್ಣಿ ಹೊಡ್ದಂಗದ!"

ಆದರೂ ಮುಡಿದುಕೊಂಡಳು. ಅವತ್ತು ನಮ್ಮ ಮನೆಗೆ ಒಂದೇ ಒಂದು ಸೊಳ್ಳೆ ಬರಲಿಲ್ಲ.

ಶರಣಪ್ಪನ ಮಲ್ಲಿಗೆಗೆ ಆ ತಾಕತ್ತು ಇದೆಯೇನು?