ಹೊಂಡದಲ್ಲಿ ಮುಳುಗದ ಹೊಟ್ಟೆ

ನೀರಿಗೆ ಹೆದರುವವರು ಹುಟ್ಟಬೇಕಾದ ಊರೆಂದರೆ ನಮ್ಮ ಚಳ್ಳಕೆರೆ. ಬಕೆಟ್ಟಿಗಿಂತ ಆಳದ ನೀರನ್ನು ಎದುರಿಸುವ ಪ್ರಸಂಗವೇ ಬರದೆ, ನಾನು ಇಷ್ಟು ವರ್ಷ ಧೈರ್ಯವಂತನೆಂದೇ ಓಡಾಡಿಕೊಂಡಿದ್ದೆ. ಎಣ್ಣೆ ಮಿಲ್ಲಿನ ಗುಮಾಸ್ತನಿಗೆ ಈಜು ಬರುತ್ತದೆಯೇ ಎಂದು ಯಾರು ಕೇಳುತ್ತಾರೆ? ಈ ನೆಮ್ಮದಿಗೆ ಕಲ್ಲು ಹಾಕಿದ್ದು ನನ್ನ ಅತ್ತೆಯವರ ದೈವಭಕ್ತಿ.

ನಾವು ಕ್ರೈಸ್ತರು. ಕೂಸಾಗಿದ್ದಾಗಲೇ ಪಾದ್ರಿಗಳು ನನ್ನ ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಮುಗಿಸಿದ್ದರು. ಆದರೆ ದೇವಸಮುದ್ರದಲ್ಲಿರುವ ಅತ್ತೆ ಈಚೆಗೆ ಸೇರಿದ ಪ್ರಾರ್ಥನಾ ಕೂಟದವರ ಪ್ರಕಾರ ಅದು ಮುಖ ತೊಳೆದಷ್ಟೇ. ಪೂರ್ತಿ ಮುಳುಗಿ ಏಳದವನಿಗೆ ರಕ್ಷಣೆಯಿಲ್ಲ. ಮಗಳು ಸ್ವರ್ಗದ ಬಾಗಿಲಲ್ಲಿ ಗಂಡನ ದಾರಿ ಕಾಯುತ್ತ ಒಂಟಿಯಾಗಿ ನಿಂತಿರುವುದು ಕಣ್ಣಿಗೆ ಕಟ್ಟಿ, ಅತ್ತೆಗೆ ಊಟ ಸೇರುತ್ತಿರಲಿಲ್ಲ. ನನ್ನ ಹೆಂಡತಿಗೆ ಮಾತ್ರ ಆ ಚಿಂತೆ ಇದ್ದಂತೆ ಕಾಣಲಿಲ್ಲ. ಅಲ್ಲಾದರೂ ಸ್ವಲ್ಪ ಬಿಡುವು ಸಿಗಲಿ ಎಂದುಕೊಂಡಿದ್ದಳೋ ಏನೋ.

ಹೆದರಿಕೆ ಎಂದು ಒಪ್ಪಿಕೊಳ್ಳಲಾದೀತೇ? ನಾನು ಶಾಸ್ತ್ರದ ಮೊರೆಹೋದೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಯಾವ ಹೊಳೆಯಲ್ಲೂ ಮುಳುಗದೆ, ಬರೀ ನಂಬಿಕೆಯಿಂದ ನೆಟ್ಟಗೆ ಸ್ವರ್ಗ ಸೇರಲಿಲ್ಲವೇ ಎಂದು ವಾದಿಸಿದೆ. ಅತ್ತೆ ಕಡಲೆಕಾಯಿ ಸುಲಿಯುವುದನ್ನೂ ನಿಲ್ಲಿಸದೆ, "ಅವನ ಕೈಗೆ ಮೊಳೆ ಹೊಡೆದಿದ್ರು, ಅಳಿಯಂದ್ರೇ. ನಿಮ್ಮ ಕೈಗೆ ಏನಾಗೈತೆ?" ಎಂದರು. ಆ ಕಳ್ಳನನ್ನು ನಂಬಿಕೊಂಡಿದ್ದ ನಾನು ಅಲ್ಲಿಗೆ ಸೋತೆ.

ಸುತ್ತಮುತ್ತ ಮುಳುಗುವಷ್ಟು ನೀರಿದ್ದದ್ದು ಕುರಿ ಸಾಕುವ ಓಬಣ್ಣನ ಕೃಷಿ ಹೊಂಡದಲ್ಲಿ ಮಾತ್ರ. ಅವನು ಧರ್ಮದ ತಂಟೆಗೆ ಬರಲಿಲ್ಲ. "ಪಾಪ ಎಷ್ಟ್ ಬೇಕಾದ್ರೂ ತೊಳ್ಕಳ್ರಿ, ಸೋಪು ಮಾತ್ರ ಹಚ್ಚಬ್ಯಾಡ್ರಿ. ಕುರಿ ಕುಡೀತಾವೆ" ಎಂದ. ಭಾನುವಾರ ಹೋಗಿ ನೋಡಿದರೆ ಬಿಸಿಲಿಗೆ ನೀರು ಇಳಿದು ಮೊಣಕಾಲುದ್ದ ಉಳಿದಿತ್ತು. ನನಗೆ ಹೋದ ಜೀವ ಬಂದಂತಾಯಿತು. ಅತ್ತೆಯ ಕೂಟದ ಪಾಸ್ಟರು ಎದೆಗುಂದದೆ ನನ್ನನ್ನು ಅದರಲ್ಲೇ ಅಂಗಾತ ಮಲಗಿಸಿದರು. ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ತಲೆ ಒತ್ತಿದರೆ ಕಾಲು ಏಳುತ್ತಿತ್ತು, ಕಾಲು ಒತ್ತಿದರೆ ತಲೆ. ಎರಡನ್ನೂ ಒಟ್ಟಿಗೆ ಒತ್ತಿದಾಗ, ಮಿಲ್ಲಿನ ಕುರ್ಚಿಯಲ್ಲಿ ಕೂತು ಬೆಳೆಸಿದ ಹೊಟ್ಟೆ ನೀರಿನಿಂದ ಮೇಲೆದ್ದು ಒಣಗಿಯೇ ಉಳಿಯಿತು. ಹೊಟ್ಟೆಯನ್ನು ಹೊರಗೆ ಬಿಟ್ಟು ಉಳಿದವನನ್ನಷ್ಟೇ ಸ್ವರ್ಗದೊಳಕ್ಕೆ ಸೇರಿಸುತ್ತಾರೆಯೇ ಎಂದು ದಂಡೆಯ ಮೇಲೆ ಚರ್ಚೆ ಶುರುವಾಯಿತು. ಕುರಿಗಳು ಬಾಯಾರಿ ಅರಚತೊಡಗಿದವು.

ಅತ್ತೆಯ ಮುಖ ಚಿಕ್ಕದಾಯಿತು. ಆಮೇಲೆ ಏನನ್ನಿಸಿತೋ, ಸೀರೆ ಎತ್ತಿ ಕಟ್ಟಿ ಹೊಂಡಕ್ಕಿಳಿದು, ಚೊಂಬಿನಲ್ಲಿ ನೀರು ತುಂಬಿ ನನ್ನ ಹೊಟ್ಟೆಯ ಮೇಲೆ ಸುರಿದರು. "ಹೊಟ್ಟೆಗೆ ಇಷ್ಟು ಸಾಕು" ಎಂದರು.

ಹೊಟ್ಟೆಗೆ ಸಾಕಾದದ್ದು ಹಣೆಗೇಕೆ ಸಾಲದು? ಇಷ್ಟು ದಿನ ಹುಡುಕುತ್ತಿದ್ದ ವಾದವನ್ನು ಅತ್ತೆಯೇ ತಂದುಕೊಟ್ಟಿದ್ದರು. ಎದ್ದು ಕೂತು, ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೆರಗಿನಿಂದ ನನ್ನ ತಲೆ ಒರೆಸತೊಡಗಿದ್ದರು, ಅಳುತ್ತಿದ್ದರು, ನಗುತ್ತಲೂ ಇದ್ದರು. ನಮ್ಮವ್ವ ತೀರಿಕೊಂಡ ಮೇಲೆ ನನ್ನ ತಲೆಯನ್ನು ಯಾರೂ ಒರೆಸಿರಲಿಲ್ಲ. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡೆ. ನಾನು ಮೌನವಾಗಿ ಪ್ರಾರ್ಥಿಸಿದೆನೆಂದು ತಿಳಿದು ಪಾಸ್ಟರು "ಆಮೆನ್" ಎಂದರು.