ಕಿಟಕಿಯಪ್ಪ ಮತ್ತು ಮೂರನೆಯ ಯಂತ್ರ

ಮೂರನೆಯ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಣ್ಣ ಚಕ್ರ ನಸುಕಿನಿಂದ ಸುತ್ತುತ್ತಲೇ ಇತ್ತು. ಗಾಣದ ಎತ್ತಿಗಾದರೂ ನಡುವೆ ಒಮ್ಮೆ ನೀರು ತೋರಿಸುತ್ತಾರೆ. ಇದಕ್ಕೆ ಅದೂ ಇಲ್ಲ. ಕಿಟಕಿಯಪ್ಪ ಮೊದಲು ಕೈಕಟ್ಟಿ ನಿಂತು ನೋಡಿದ, ಆಮೇಲೆ ಬಗ್ಗಿ ನೋಡಿದ, ಕೊನೆಗೆ ಪರದೆಯ ಹಿಂಬದಿಗೇ ಹೋಗಿ ನೋಡಿದ. ಅಲ್ಲಿ ಧೂಳಿತ್ತು.

ಹಾಲು ಉತ್ಪಾದಕರ ಸಂಘದಲ್ಲಿ ವಿಚಾರಣೆಯ ಕಿಟಕಿ ಅವನದು. ಹಿಂಡಿ ಬಂತಾ, ಡಾಕ್ಟರು ಎಲ್ಲಿ, ನಮ್ಮ ಹಾಲಿನಲ್ಲಿ ಜಿಡ್ಡು ಕಡಿಮೆ ಅಂದದ್ದು ಯಾರು ಎಂದು ಕೇಳುವವರೆಲ್ಲ ಆ ಕಿಟಕಿಯೊಳಗೇ ತಲೆ ತೂರಿಸುತ್ತಿದ್ದರು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮನೆಯಲ್ಲೇ ಉಳಿದು, ಹೊರಗೆ ಅವನು ಕಿಟಕಿಯಪ್ಪನಾಗಿದ್ದ. ಮನೆಯಲ್ಲಿ ಹೆಂಡತಿ ಉಪ್ಪು ತನ್ನಿ ಎಂದರೂ ಬಾಯಿಂದ ತಾನಾಗಿ "ನಾಳೆ ಬನ್ನಿ" ಎಂದು ಬರುವಷ್ಟರ ಮಟ್ಟಿಗೆ ಆ ಕಿಟಕಿ ಅವನೊಳಗೆ ಇಳಿದುಬಿಟ್ಟಿತ್ತು.

ಅವನಿಗೆ ಇದ್ದದ್ದು ಒಂದೇ ಆಸೆ. ಕಚೇರಿಯ ಹಿಂದಿನ ಉಗ್ರಾಣದಲ್ಲಿ, ಹಿಂಡಿ ಮೂಟೆಗಳ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂರುವುದು. ಮೂಟೆಗಳು ಪ್ರಶ್ನೆ ಕೇಳುವುದಿಲ್ಲ.

ಅಂಥ ಭಾಗ್ಯ ಈಗ ಎದುರಿಗೇ ಬಂದು ನಿಂತಿತ್ತು. ಸಂಘದ ಕಾರ್ಯದರ್ಶಿಗಳು ಹಿಂದಿನ ದಿನ ಅವನನ್ನು ಕರೆದು ಹೇಳಿದ್ದರು: "ನೋಡಪ್ಪಾ, ಈಗ ಎಲ್ಲಾ ಕಡೆ ಎಐ ಸಹಾಯಕ ಬಂದಿದೆ. ಏನು ಬರೆದು ಕೇಳಿದ್ರೂ ಉತ್ತರ ಬರೀತದಂತೆ. ಮೂರು ಕಂಪನಿಯವರು ಪರೀಕ್ಷೆಗೆ ಅಂತ ಪುಕ್ಕಟೆ ಕೊಡ್ತಿದಾರೆ. ಜನ ನೋಡಿ, ಕೇಳಿ, ಒಂದನ್ನು ಆರಿಸಲಿ. ಅದು ಕೆಲಸಕ್ಕೆ ನಿಂತ ಮೇಲೆ ನೀನು ಉಗ್ರಾಣಕ್ಕೆ ಹೋಗು."

ಆದರೆ ಸಂಘದ್ದೊಂದು ಪದ್ಧತಿ ಇತ್ತು. ಏನನ್ನೇ ತರಲಿ, ಮೂರನ್ನು ನೋಡಿಯೇ ಒಂದನ್ನು ಆರಿಸಬೇಕು. ಪೊರಕೆಯಾದರೂ ಸರಿಯೇ. ಹಿಂದೊಮ್ಮೆ ಎರಡೇ ಗಡಿಯಾರಗಳು ನೋಡಲು ಸಿಕ್ಕವೆಂದು ವಿಷಯ ಮುಂದಿನ ವರ್ಷದ ಸಭೆಗೆ ಹೋಯಿತು. ಆ ಸಭೆ ಅದನ್ನು ಅದರ ಮುಂದಿನ ಸಭೆಗೆ ದಾಟಿಸಿತು. ಗೋಡೆಯಲ್ಲಿ ಗಡಿಯಾರದ ಮೊಳೆ ಈಗಲೂ ಒಂಟಿಯಾಗಿಯೇ ಇದೆ. ಕಿಟಕಿಯಪ್ಪ ಆ ಮೊಳೆಯನ್ನೊಮ್ಮೆ, ಸುತ್ತುವ ಚಕ್ರವನ್ನೊಮ್ಮೆ ನೋಡಿ, ಎದೆ ಹಿಡಿದುಕೊಂಡು ಉಗ್ರಾಣಕ್ಕೆ ಓಡಿದ.

ಉಗ್ರಾಣ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಉಗ್ರಾಣದಕ್ಕ ಎನ್ನುತ್ತಿದ್ದರು. ಆಕೆ ಮೂಟೆಯ ಮೇಲೆ ಕೂತು ದಾರ ಸುತ್ತುತ್ತಿದ್ದಳು.

"ಅಕ್ಕಾ, ಮೂರನೆಯದನ್ನ ತೆರೆಯೋಕೆ ಕಂಪನಿಯವರು ಬೀಗದ ಸಂಖ್ಯೆನೇ ಕಳಿಸಿಲ್ಲ. ಫೋನ್ ಮಾಡಿದ್ರೆ ಹಾಡು ಬರ್ತದೆ."

"ಹಾಡು ಕೇಳು ಮತ್ತೆ."

"ಮೂರಿಲ್ಲದಿದ್ರೆ ಆರಿಸೋ ಹಾಗಿಲ್ಲ. ನಾನು ಕಿಟಕಿಯಲ್ಲೇ ಮುದುಕ ಆಗ್ತೀನಿ."

ಉಗ್ರಾಣದಕ್ಕ ದಾರದ ತುದಿ ಹುಡುಕುತ್ತಾ ಹೇಳಿದಳು: "ಮುಂದಿನ ಕೋಣೆಯಿಂದ ಈ ನನ್ನ ಕಂಪ್ಯೂಟರಿಗೆ 'ಹಿಂಡಿ ಎಷ್ಟಿದೆ' ಅಂತ ಬರೆದು ಕಳಿಸ್ತೀರಲ್ಲ, ನಾನು ಇಲ್ಲಿಂದ ಬರೀತೀನಲ್ಲ, ಅದು ಉತ್ತರ ಅಲ್ವಾ? ಆ ಪರದೆ ಮೇಲೆ ಅದನ್ನೇ ತೆಗೆದಿಡು. ಇಲ್ಲಿ ನೀನು ಕೂತು ಬರಿ. ಒಂದೇ ದಿನದ ಮಾತು. ಕೆಟ್ಟದಾಗಿ ಬರಿ, ಸೋಲ್ತದೆ. ಲೆಕ್ಕಕ್ಕೆ ಮೂರಾಯ್ತು."

ಕಿಟಕಿಯಪ್ಪನಿಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಕಾಲುಗಳು ಮೂಟೆಯ ಮರೆಯಲ್ಲಿದ್ದುದರಿಂದ ಬಿಟ್ಟ.

ಬೆಳಗಿನ ಹಾಲು ಹಾಕಲು ಬಂದವರೆಲ್ಲ ಕಚೇರಿಯೊಳಗೆ ನುಗ್ಗಿದರು. ಮೂರು ಮೇಜು, ಮೂರು ಪರದೆ, ಪ್ರತಿಯೊಂದರ ಮುಂದೆ ಒಂದು ಖಾಲಿ ಹಾಲಿನ ಕ್ಯಾನು. ಯಾವುದು ಹಿಡಿಸಿತೋ ಅದರ ಕ್ಯಾನಿಗೆ ಒಂದು ಜೋಳದ ಕಾಳು ಹಾಕಬೇಕು. ಉಗ್ರಾಣದ ಗೋಡೆ ತೆಳುವಾಗಿತ್ತು. ಮಾತೂ ಕೇಳುತ್ತಿತ್ತು, ಕಾಳು ಬೀಳುವ ಸದ್ದೂ ಕೇಳುತ್ತಿತ್ತು.

ಮೊದಲು ದನದ ಡಾಕ್ಟರು ಮೊದಲನೆಯ ಯಂತ್ರದ ಮುಂದೆ ಕೂತು, ಹಸು ಮೇವು ಬಿಟ್ಟರೆ ಏನು ಮಾಡಬೇಕೆಂದು ಬರೆದರು. ಅದು ಒಂದು ಮೊಳ ಉದ್ದದ ಉತ್ತರ ಇಳಿಸಿತು. ಎಲ್ಲ ಸರಿಯಾಗಿಯೇ ಇತ್ತು. ಕೊನೆಯಲ್ಲಿ, ಹತ್ತಿರದ ಪಶುವೈದ್ಯರನ್ನು ಕಾಣಿ ಎಂದಿತ್ತು.

"ನಾನೇ ಕಣಯ್ಯಾ ಹತ್ತಿರದ ಪಶುವೈದ್ಯ," ಎಂದು ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಎರಡನೆಯದು ಬಹಳ ಸೌಮ್ಯ. ಎಮ್ಮೆಯಜ್ಜಿ ಎಂದೇ ಹೆಸರಾದ ಮುದುಕಿ, ತನ್ನ ಎಮ್ಮೆ ಹಾಲು ಕಡಿಮೆ ಮಾಡಿದ್ದೇಕೆಂದು ಡಾಕ್ಟರ ಕೈಯಲ್ಲಿ ಬರೆಸಿದಳು. ಬಹಳ ಒಳ್ಳೆಯ ಪ್ರಶ್ನೆ, ನಿಮ್ಮ ಕಾಳಜಿ ಮೆಚ್ಚುವಂಥದ್ದು ಎಂದು ಅದು ಶುರುಮಾಡಿತು.

"ಇಷ್ಟು ನಯವಾಗಿ ನನ್ನ ಗಂಡನೂ ಮಾತಾಡಿರಲಿಲ್ಲ," ಎಂದಳು ಅಜ್ಜಿ. "ಏನೋ ಮಾರೋಕೆ ಬಂದಿದೆ ಇದು. ಆ ಮೂರನೆಯದನ್ನ ಕೇಳು."

ಉಗ್ರಾಣದಲ್ಲಿ ಕಿಟಕಿಯಪ್ಪನ ಮುಂದೆ ಪ್ರಶ್ನೆ ಮೂಡಿತು. ಕೆಟ್ಟ ಉತ್ತರ ಹುಡುಕಲು ಅವನು ದೂರ ಹೋಗಬೇಕಾಗಿರಲಿಲ್ಲ. "ನನಗೇನು ಗೊತ್ತು? ನಿಮ್ಮ ಎಮ್ಮೇನ ನಾನು ನೋಡಿದ್ದೀನಾ?" ಎಂದು ಬರೆದ.

ಗೋಡೆಯಾಚೆ ಡಾಕ್ಟರು ಅದನ್ನು ಓದಿ ಹೇಳಿದರು. ಆಮೇಲೆ ಅಜ್ಜಿಯ ದನಿ ಬಂತು: "ನಿಜ ತಾನೇ? ನೋಡದೆ ಹೇಗೆ ಹೇಳ್ತದೆ? ಇದಕ್ಕೆ ಮಾನ ಇದೆ."

ಟಣ್ ಎಂದಿತು ಮೂರನೆಯ ಕ್ಯಾನು.

ನಂತರ ಲೆಕ್ಕದವರು ಬಂದರು. ವರ್ಷದ ವರದಿ ಬರೆದುಕೊಡು ಎಂದು ಮೂರನ್ನೂ ಕೇಳಿದರು. ಮೊದಲೆರಡು, ಅವರು ಎಲೆಯಡಿಕೆ ಬಾಯಿಗಿಡುವಷ್ಟರಲ್ಲಿ ಬರೆದುಬಿಟ್ಟವು. ಮೂರನೆಯದು, "ಇವತ್ತು ಆಗಲ್ಲ. ನಾಳೆ ಬನ್ನಿ," ಎಂದಿತು.

ಲೆಕ್ಕದವರ ಮುಖ ಅರಳಿತು. "ಆ ಎರಡನ್ನ ಒಳಗೆ ಬಿಟ್ರೆ, ನೀವು ಮೂರು ತಿಂಗಳು ಏನು ಮಾಡ್ತಿದ್ರಿ ಅಂತ ನನ್ನನ್ನೇ ಕೇಳ್ತಾರೆ. ಇದು ನೋಡಿ, ಇದಕ್ಕೆ ಕಚೇರಿಯ ಮರ್ಯಾದೆ ಗೊತ್ತು."

ಟಣ್.

ಹಾಲಿನ ಗಾಡಿಯ ಡ್ರೈವರ್, ಗಾಡಿ ತಡವಾಗಿದ್ದಕ್ಕೆ ಏನು ಕಾರಣ ಹೇಳಲಿ ಎಂದು ಕೇಳಿದ. ಮೊದಲೆರಡೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದವು. ಮೂರನೆಯದು, "ನಿಮ್ಮದು ದಿನಾ ಇದೇ ಗೋಳು," ಎಂದಿತು. ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದು, "ಅಬ್ಬಾ, ನನ್ನ ಗುರುತು ಹಿಡೀತು," ಎಂದು ಪಿಸುಗುಟ್ಟಿ ಭಕ್ತಿಯಿಂದ ಕಾಳು ಹಾಕಿದ.

"ಅಕ್ಕಾ, ಗೆಲ್ತಾ ಇದೆ," ಎಂದ ಕಿಟಕಿಯಪ್ಪ.

"ಹಾಗಾದ್ರೆ ಚೆನ್ನಾಗಿ ಬರಿ. ಎರಡನೆಯದರ ಹಾಗೆ ಹೊಗಳು. ಜನಕ್ಕೆ ಅದು ಹಿಡಿಸಿಲ್ಲವಲ್ಲ."

ಅವನು ಮುಂದಿನ ಪ್ರಶ್ನೆಗೆ ಬೆಣ್ಣೆಯಂಥ ಉತ್ತರ ಬರೆದ. ಗೋಡೆಯಾಚೆ ಡಾಕ್ಟರು, "ಸಿಟ್ಟು ಇಳೀತು ನೋಡಿ. ಹೊಸ ಜಾಗ, ಬೆಳಗ್ಗೆ ಬೆದರಿತ್ತು. ಹೊಸ ದನ ತಂದಾಗಲೂ ಹೀಗೇ. ಈಗ ನಮ್ಮ ಕೈಗೆ ಹೊಂದಿಕೊಳ್ತಿದೆ," ಎಂದರು. ಟಣ್, ಟಣ್.

ಕೊನೆಗೆ ಕಿಟಕಿಯಪ್ಪ ಕೈ ಮಡಿಚಿ ಕೂತುಬಿಟ್ಟ. ಏನು ಕೇಳಿದರೂ ಉತ್ತರವಿಲ್ಲ. ಈಗಲಾದರೂ ಬೈಯುತ್ತಾರೆ ಎಂದು ಗೋಡೆಗೆ ಕಿವಿ ಇಟ್ಟ.

"ಊಟಕ್ಕೆ ಹೋಗಿರಬೇಕು," ಎಂದಳು ಎಮ್ಮೆಯಜ್ಜಿ. "ಪಾಪ, ಬೆಳಗಿನಿಂದ ಒಂದೇ ಸಮ ದುಡೀತಿದೆ. ಸುಮ್ನಿರಿ, ಬರ್ತದೆ."

ಅವರು ನಿಜಕ್ಕೂ ಕಾದರು. ಇಷ್ಟು ವರ್ಷದಲ್ಲಿ ತನ್ನ ಊಟದ ಹೊತ್ತಿಗೆ ಯಾರೂ ಹೀಗೆ ಕಾದದ್ದು ಕಿಟಕಿಯಪ್ಪನಿಗೆ ನೆನಪಿರಲಿಲ್ಲ. ಆ ಖುಷಿಯಲ್ಲಿ ಉತ್ತರವನ್ನೂ ಬರೆದುಬಿಟ್ಟ.

ನಡುವೆ ಒಮ್ಮೆ ಕಾರ್ಯದರ್ಶಿಗಳು ಕಿಟಕಿಯಪ್ಪ ಎಲ್ಲಿ ಎಂದು ವಿಚಾರಿಸಿದರು. "ಉಗ್ರಾಣದಲ್ಲಿ ಕುರ್ಚಿಗೆ ಜಾಗ ಅಳೀತಿದಾನೆ," ಎಂದ ಡ್ರೈವರ್. ಎಲ್ಲರೂ ನಕ್ಕರು. ಉಗ್ರಾಣದಕ್ಕ ಮಾತ್ರ ನಗಲಿಲ್ಲ. ಹಿಂಡಿಯ ಮೂಟೆಯೊಂದನ್ನು ಖಾಲಿ ಜಾಗಕ್ಕೆ ಎಳೆದಿಟ್ಟಳು.

ಸಂಜೆಯ ಹಾಲು ಬರುವ ಮೊದಲು ಕ್ಯಾನುಗಳನ್ನು ಬೋರಲು ಹಾಕಿದರು. ಮೊದಲೆರಡರಿಂದ ಬಿದ್ದದ್ದು ಒಂದು ಕೋಳಿಯ ಬಾಯಿಗೂ ಸಾಲದು. ಮೂರನೆಯದರಿಂದ ರಾಶಿಯೇ ಸುರಿಯಿತು.

"ಆಯ್ತು, ಮೂರನೆಯದೇ," ಎಂದರು ಕಾರ್ಯದರ್ಶಿಗಳು. "ಕೊಳ್ಳೋಕೆ ಅವಸರ ಬೇಡ. ಪರೀಕ್ಷೆಗೆ ಕೊಟ್ಟದ್ದೇ ಚೆನ್ನಾಗಿ ಓಡ್ತಿದೆ. ಕಂಪನಿಯವರು ಬಾಯಿಬಿಟ್ಟು ಕೇಳೋವರೆಗೂ ಹೀಗೇ ಓಡಲಿ."

ಕಂಪನಿಯವರು ಕೇಳುವುದಿಲ್ಲವೆಂಬುದು ಉಗ್ರಾಣದಕ್ಕನಿಗೂ ಕಿಟಕಿಯಪ್ಪನಿಗೂ ಮಾತ್ರ ಗೊತ್ತಿತ್ತು. ಕೊಡದೇ ಇದ್ದದ್ದನ್ನು ಯಾರಾದರೂ ವಾಪಸು ಕೇಳುತ್ತಾರೆಯೇ? ನಿಜ ಹೇಳಿಬಿಡೋಣ ಎಂದು ಎದ್ದ. ಆದರೆ ದಿನವಿಡೀ ಕಾರ್ಯದರ್ಶಿಗಳಿಗೂ ಅವನೇ ಉತ್ತರಿಸಿದ್ದ. ಒಮ್ಮೆ, "ಕೆಲಸ ನೋಡಿ ಹೋಗಿ," ಎಂದೂ ಬರೆದಿದ್ದ. ಕೂತುಕೊಂಡ.

ಅಷ್ಟರಲ್ಲಿ ಗೋಡೆಯಾಚೆ ಬಾಗಿಲು ಹಾಕಿದ ಸದ್ದಾಯಿತು. ಎಲ್ಲರನ್ನೂ ಹೊರಗೆ ಕಳಿಸಿ ಕಾರ್ಯದರ್ಶಿಗಳು ಒಬ್ಬರೇ ಮೂರನೆಯದರ ಮುಂದೆ ಕೂತಿದ್ದರು. ಒಂದೊಂದೇ ಅಕ್ಷರ ಹುಡುಕುವ ಸದ್ದು. ನಂತರ ಪ್ರಶ್ನೆ ಬಂತು:

"ನೀನು ಹೇಗೂ ಬಂದೆ. ಇನ್ನು ಆ ಕಿಟಕಿಯಪ್ಪ ಸಂಘಕ್ಕೆ ಬೇಕಾ, ಮನೆಗೆ ಕಳಿಸೋದಾ? ಮುಲಾಜಿಲ್ಲದೆ ಹೇಳು."

ಕಿಟಕಿಯಪ್ಪ ಪರದೆಯನ್ನು ಉಗ್ರಾಣದಕ್ಕನ ಕಡೆ ತಿರುಗಿಸಿದ. "ಅಕ್ಕಾ, ಉಗ್ರಾಣಕ್ಕೆ ಹಾಕ್ತೀನಿ ಅಂದಿದ್ರು."

ಉಗ್ರಾಣದಕ್ಕ ಬಂದು ಓದಿದಳು. "ಅಂದಿದ್ರು. ಈಗ ಬೇರೆ ಅಂತಿದಾರೆ. ನಾನು ಹೇಳಿದ ಹಾಗೆ ಬರಿ, ಕೆಲಸ ಉಳೀತದೆ. 'ಅವರಿಲ್ಲದೆ ನನ್ನಿಂದ ಒಂದು ಮಾತೂ ಆಗಲ್ಲ. ಅವರು ಇದ್ದಲ್ಲೇ ಇರಲಿ.'"

ಮೊದಲ ಮಾತು ಅಪ್ಪಟ ಸತ್ಯವಾದ್ದರಿಂದ ಅವನು ಅದನ್ನು ಧೈರ್ಯವಾಗಿ ಬರೆದ. ಅದರ ಬೆನ್ನಿಗೇ ಎರಡನೆಯದೂ ಹೋಯಿತು. ಹೋದ ಮೇಲೆ ಅದನ್ನು ನಿಧಾನವಾಗಿ ಓದಿ ನೋಡಿದ. ಆಮೇಲೆ ಉಗ್ರಾಣದಕ್ಕನ ಮುಖ ನೋಡಿದ. ಆಕೆ ದಾರ ಸುತ್ತುತ್ತಿದ್ದಳು.

ಕಾರ್ಯದರ್ಶಿಗಳು ಕಚೇರಿಯ ಬಾಗಿಲು ತೆಗೆದು, ಕಿಟಕಿಯಪ್ಪನನ್ನು ಕೂಗಿ ಕರೆಸಿ, ಅವನ ಹೆಗಲ ಮೇಲೆ ಕೈಯಿಟ್ಟರು. "ನೋಡು, ಯಂತ್ರಕ್ಕೆ ಇರೋ ವಿನಯ ಮನುಷ್ಯರಿಗಿಲ್ಲ. ನೀನಿಲ್ಲದೆ ಆಗಲ್ಲ, ಕಿಟಕಿಯಲ್ಲೇ ಇರಲಿ ಅಂತು. ಅದರ ಮಾತು ನಾನು ಮೀರಲ್ಲ. ಉಗ್ರಾಣದ ಆಸೆ ಬಿಡು. ಜನ ಬಂದ್ರೆ ಪ್ರಶ್ನೆ ಬರೆದುಕೊಡು, ಉತ್ತರ ಓದಿ ಹೇಳು. ಇನ್ನೊಂದು ಮಾತು: ಅದಕ್ಕೆ ರಜೆ ಬೇಡ ನೋಡು, ಭಾನುವಾರವೂ ತೆಗೆದಿಡು."

ಸಂಜೆಯ ಹಾಲಿನ ಹೊತ್ತಿಗೆ ಮೂರನೆಯ ಪರದೆ ಕಿಟಕಿಯ ಪಕ್ಕಕ್ಕೆ ಬಂದಿತ್ತು. ಅದರ ಹಿಂದೆ ಕಿಟಕಿಯಪ್ಪ. ಮೊದಲು ತಲೆ ತೂರಿಸಿದವಳು ಎಮ್ಮೆಯಜ್ಜಿ.

"ಹಿಂಡಿ ಯಾವಾಗ ಕೊಡ್ತಾರೆ, ಕೇಳು ಅದನ್ನ."

"ನಾನೇ ಹೇಳ್ತೀನಜ್ಜಿ. ನಾಳೆ ಬನ್ನಿ."

"ನಿನ್ನನ್ನ ಯಾರು ಕೇಳಿದ್ರು? ಅದನ್ನ ಕೇಳು."

ಕಿಟಕಿಯಪ್ಪ ಪ್ರಶ್ನೆ ಬರೆದ. ಒಂದು ನಿಮಿಷ ಎಂದು ಎದ್ದು, ಓಣಿಯಂಥ ಪಡಸಾಲೆ ದಾಟಿ, ಮೂಟೆಗಳ ಸಂದಿಯಲ್ಲಿ ನುಸುಳಿ, ಉಗ್ರಾಣದಕ್ಕ ಕುರ್ಚಿ ಕೊಡದಿದ್ದುದರಿಂದ ನಿಂತೇ ಉತ್ತರ ಬರೆದ. ಅದೇ ದಾರಿಯಲ್ಲಿ ಏದುಸಿರು ಬಿಡುತ್ತಾ ಹಿಂತಿರುಗಿ, ಕೂತು, ಪರದೆ ನೋಡಿ ಗಟ್ಟಿಯಾಗಿ ಓದಿದ:

"ನಾಳೆ ಬನ್ನಿ."

ಅಜ್ಜಿ ತಲೆದೂಗಿದಳು. ಹಾಲಿನ ಪಾತ್ರೆ ಕಂಕುಳಿಗೆ ಏರಿಸಿ ಹೊರಟವಳು, ಏನೋ ನೆನಪಾಗಿ ಮತ್ತೆ ಕಿಟಕಿಗೆ ಬಂದಳು.

"ನೀನೂ ಇಷ್ಟು ವರ್ಷ ಇದನ್ನೇ ಹೇಳ್ತಿದ್ದೆ ಕಣಪ್ಪಾ. ಆದ್ರೆ ಅದು ಹೇಳಿದ್ರೆ ನಂಬೋ ಹಾಗಿರ್ತದೆ."