ಸೆಲ್ವಂ ಅಂಗಡಿಯ ಮುಂದೆ ನಾನು ಮಂಡಿಸಿದ ವಾದ

ಸರ್ವೀಸ್ ಆದ ಮರುದಿನವೇ ವಾಹನ ಕೆಟ್ಟರೆ ಅದರ ಸಂಪೂರ್ಣ ಹೊಣೆ ದುರಸ್ತಿ ಅಂಗಡಿಯದು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಈ ವಿಷಯದ ಪರವಾಗಿ ವಾದಿಸಿ ಗೆದ್ದವಳು ನಾನು. ಆದ್ದರಿಂದ ಬಂಗಾರಪೇಟೆಯಲ್ಲಿ ಗ್ರಾಹಕ ಜಾಗೃತಿ ಜಾಥಾ ಏರ್ಪಡಿಸಿದಾಗ, ಅದರ ಮುಂಚೂಣಿಯಲ್ಲಿ ನಮ್ಮ ಹಳೆಯ ಕಾರೇ ಚಲಿಸತಕ್ಕದ್ದೆಂದು ತೀರ್ಮಾನಿಸಿದೆ.

ಹಿಂದಿನ ದಿನವಷ್ಟೇ ಪಕ್ಕದ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಮೆಕ್ಯಾನಿಕ್ ಸೆಲ್ವಂ ಅದನ್ನು ಸರ್ವೀಸ್ ಮಾಡಿಕೊಟ್ಟಿದ್ದರು. ಕಾರಿನ ಮೂತಿಗೆ, ಈ ದೀಪದಿಂದ ಆ ದೀಪದವರೆಗೆ, ನಾನೇ ದಪ್ಪನೆಯ ಫ್ಲೆಕ್ಸ್ ಬಿಗಿದೆ. “ಎಚ್ಚೆತ್ತ ಗ್ರಾಹಕರನ್ನು ಯಾರೂ ವಂಚಿಸಲಾರರು!”

“ಗಾಳಿ ಆಡೋಕೆ ಸ್ವಲ್ಪ ಜಾಗ ಬಿಡೇ,” ಎಂದರು ಪತಿ ಮುನಿರಾಜು.

“ಘೋಷಣೆ ಸುಕ್ಕಾಗುತ್ತದೆ,” ಎಂದೆ.

ಜಾಥಾ ನಡಿಗೆಯ ವೇಗದಲ್ಲಿ ಹೊರಟಿತು. ಅರ್ಧ ಗಂಟೆಯಲ್ಲಿ ಕಾರಿನಿಂದ ಹಬೆ ಎದ್ದಿತು. ಎಂಜಿನ್ ನಿಂತಿತು. ಸೇವಾ ನ್ಯೂನತೆ! ಟ್ರ್ಯಾಕ್ಟರೊಂದು ನಮ್ಮನ್ನು ಚಾಂಪಿಯನ್ ರೀಫ್ಸ್‌ವರೆಗೂ ಎಳೆದೊಯ್ಯಿತು. ಘೋಷಣೆ ಮಾತ್ರ ನೆಟ್ಟಗಿತ್ತು.

ಸೆಲ್ವಂ ಬಾಯಿ ತೆರೆಯುವ ಮುನ್ನವೇ ನಾನು ಹಳೆಯ ಟೈರೊಂದರ ಮೇಲೆ ನಿಂತು, ವಾಹನವು ದುರಸ್ತಿಗಾರನ ವಶದಲ್ಲಿರುವಾಗ ಅವನು ವಹಿಸಬೇಕಾದ ಎಚ್ಚರದ ಕುರಿತು ಮುಕ್ಕಾಲು ಗಂಟೆ ಮಾತನಾಡಿದೆ. ಮೊಪೆಡ್ ರಿಪೇರಿಗೆ ಬಂದಿದ್ದ, ಪಕ್ಕದ ಹಳ್ಳಿಯ ನಾರಾಯಣಪ್ಪನವರು ಕಿವಿಗೊಟ್ಟು ಕೇಳಿದರು.

“ಏನ್ಲಾ ಸೆಲ್ವಂ, ಇಂಗಾ ಕೆಲ್ಸ ಮಾಡೋದು? ನನ್ ಗಾಡಿ ಇತ್ಲಾಗ್ ಕೊಡು, ಬ್ಯಾರೆ ಕಡೆ ಓಗ್ತೀನಿ.”

ಅವರ ಹಿಂದೆಯೇ ಅದೇ ಹಳ್ಳಿಯ ಇನ್ನಿಬ್ಬರು ಗಾಡಿ ತಳ್ಳಿಕೊಂಡು ಹೊರಟರು. ಇದನ್ನು ನಾನು ಜಾಗೃತಿಯೆಂದು ಪರಿಗಣಿಸಿದೆ.

ಸೆಲ್ವಂ ಫ್ಲೆಕ್ಸ್ ಕತ್ತರಿಸಿದರು.

“ಎನ್ನಮ್ಮಾ ಇದು! ಮೂಗು ಮುಚ್ಚಿ ಓಡ್ಸಿದ್ರೆ ಕಾರ್ ಎಪ್ಪಡಿ ಉಸಿರಾಡುತ್ತೆ? ರೇಡಿಯೇಟರ್‌ಗೆ ಗಾಳೀನೇ ಓಗಿಲ್ಲ.”

ನಾನು ಸೋಲೊಪ್ಪಲಿಲ್ಲ. “ಹಾಗಿದ್ದರೆ ಮುಂಚಿತವಾಗಿ ಎಚ್ಚರಿಸುವುದು ನಿಮ್ಮ ಕರ್ತವ್ಯವಾಗಿತ್ತು!”

“ಕಾರ್ ಮೂತಿಗೆ ಭಾಷಣ ಕಟ್ಬೇಡಿ ಅಂತ ಬಿಲ್ಲಲ್ಲಿ ಬರೀಬೇಕಾ ಮೇಡಂ?”

“ಎಚ್ಚರಿಕೆ ನಾನು ಕೊಟ್ಟಿದ್ದೆ,” ಎಂದರು ಮುನಿರಾಜು. “ಲಿಖಿತವಾಗಿರಲಿಲ್ಲ, ಅಷ್ಟೇ.”

ಸೆಲ್ವಂ ಖಾಲಿಯಾದ ಅಂಗಡಿಯನ್ನು ನೋಡಿದರು. “ಕಾರ್ ನಾನು ಸರಿ ಮಾಡ್ತೀನಿ. ಬಿಟ್ಟೋದ ಗಿರಾಕೀನ ಯಾರು ಸರಿ ಮಾಡ್ತಾರೆ? ಈ ಊರಲ್ಲಿ ಒಳ್ಳೆ ಎಸ್ರು ತಗೊಳ್ಳೋಕೆ ಅತ್ತು ವರ್ಷ ಆಯ್ತು ಮೇಡಂ.”

ಈ ಹೊಣೆಯ ಬಗ್ಗೆ ನಾನು ಯಾವ ಸ್ಪರ್ಧೆಗೂ ಸಿದ್ಧತೆ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾರಾಯಣಪ್ಪನವರ ಹಳ್ಳಿಗೆ ಹೋದೆ. ಡೇರಿಯ ಮುಂದೆ ಹಾಲು ಹಾಕಲು ಎಲ್ಲರೂ ಸಾಲಾಗಿ ನಿಂತಿದ್ದರು. “ಕಾರು ಕೆಟ್ಟಿದ್ದು ನನ್ನ ತಪ್ಪಿನಿಂದ. ಸೆಲ್ವಂ ಕೆಲಸ ಸರಿಯಾಗಿಯೇ ಇತ್ತು,” ಎಂದೆ.

ನಾರಾಯಣಪ್ಪನವರು ಕ್ಯಾನು ಕೆಳಗಿಟ್ಟರು. “ಅಷ್ಟೇನಾ?”

“ಅಷ್ಟೇ.”

“ನಿನ್ನೆ ಅಷ್ಟೊತ್ತು ಮಾತಾಡಿದ್ದಕ್ಕೆ ನಂಬಿದ್ವಿ. ಇವತ್ತು ಎಲ್ಡೇ ಮಾತಂದ್ರೆ ಎಂಗಮ್ಮಾ ನಂಬೋದು? ಅವನೇ ಯೋಳ್ಕೊಟ್ಟಂಗೈತೆ!”

ವಿಧಿಯಿಲ್ಲ. ಕಲ್ಲುಚಪ್ಪಡಿ ಏರಿದೆ. ನನ್ನ ಅವಿವೇಕವನ್ನು ಪೀಠಿಕೆ, ಸಾಕ್ಷ್ಯ, ಉಪಸಂಹಾರಗಳೊಂದಿಗೆ ಸವಿಸ್ತಾರವಾಗಿ ಪ್ರತಿಪಾದಿಸಿದೆ. ಹಾಲು ಹಾಕಿ ಮುಗಿಸಿದವರೂ ಮನೆಗೆ ಹೋಗದೆ ನಿಂತು ಕೇಳಿದರು. ಕೊನೆಗೆ ನಾರಾಯಣಪ್ಪನವರು ಇನ್ನೂ ರಿಪೇರಿಯಾಗದ ಮೊಪೆಡ್ ತಳ್ಳಿಕೊಂಡು ಸೆಲ್ವಂ ಅಂಗಡಿಯ ಕಡೆಗೇ ಹೊರಟರು.

ಚರ್ಚಾಸ್ಪರ್ಧೆಯ ನಿಯಮದಂತೆ, ವಿರುದ್ಧವಾಗಿ ಮಾತನಾಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

ಒಬ್ಬರೂ ಇರಲಿಲ್ಲ!